ಮಳೆ, ಕರೆಂಟು, ಪಂದಿ ಕರಿ: ಕೊಡಗಿನ ಅಡುಗೆಮನೆಯಲ್ಲಿ ಓವನ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನ ತೋಟದ ಮನೆಗಳಲ್ಲಿ ಇವತ್ತು ಮೂರು ತಲೆಮಾರಿನ ಒಲೆ ಒಟ್ಟಿಗಿದೆ. ಹಿಂದಿನ ಕೊಟ್ಟಿಗೆಯಲ್ಲಿ ಸೌದೆ ಒಲೆ, ಕಟ್ಟೆಯ ಮೇಲೆ ಗ್ಯಾಸು, ಫ್ರಿಜ್ಜಿನ ಪಕ್ಕದಲ್ಲಿ ಮೈಕ್ರೋವೇವ್. ಮೊದಲೆರಡರ ಅಪಾಯ ನಮಗೆ ಚಿಕ್ಕಂದಿನಿಂದ ಗೊತ್ತು. ಒಲೆಯ ಮುಂದೆ ಸೆರಗು ಹೇಗೆ ಸಿಕ್ಕಿಸಬೇಕು, ಗ್ಯಾಸಿನ ವಾಸನೆ ಬಂದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯದರಲ್ಲಿ ಬೆಂಕಿ ಕಾಣುವುದಿಲ್ಲ, ಹಾಗಾಗಿ ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ಗುಂಡಿ ಒತ್ತಿ ಕಣದ ಕಡೆ ಹೋಗುತ್ತೇವೆ.

ನಾನು ಕಂಡ, ಕೇಳಿದ ಅವಘಡಗಳಲ್ಲಿ ಹೆಚ್ಚಿನವುಗಳ ಬುಡ ಒಂದೇ. ಪೆಟ್ಟಿಗೆ ಆ ಗಳಿಗೆಯಲ್ಲಿ ಯಾವ ರೀತಿಯಲ್ಲಿ ಬಿಸಿ ಮಾಡುತ್ತಿದೆ ಎಂದು ನೋಡದೆ ಪಾತ್ರೆ ಇಟ್ಟಿರುತ್ತಾರೆ. ಅದರ ಮೇಲೆ ನಮ್ಮ ಮಳೆಗಾಲದ ಕರೆಂಟು ತನ್ನದೇ ಆಟ ಆಡುತ್ತದೆ. ಆದ್ದರಿಂದ ಕೈಪಿಡಿಗಳು ಅನುಸರಿಸುವ ಕ್ರಮವನ್ನು ಬಿಟ್ಟು, ನಮ್ಮ ಕಡೆಯ ಅಡುಗೆಮನೆಗೆ ಬೇಕಾದ ಕ್ರಮದಲ್ಲಿ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ಪೆಟ್ಟಿಗೆ ಯಾವುದು ಎಂದು ಮೊದಲು ತಿಳಿಯಿರಿ

ನಮ್ಮಲ್ಲಿ ಎಲ್ಲದಕ್ಕೂ "ಓವನ್" ಎಂದೇ ಕರೆಯುವ ರೂಢಿ. ನಿಜಕ್ಕೂ ಮೂರ್ನಾಲ್ಕು ಬೇರೆ ಬೇರೆ ಯಂತ್ರಗಳು ಆ ಹೆಸರಿನಲ್ಲಿ ಅಡಗಿವೆ.

ಸೋಲೋ ಮೈಕ್ರೋವೇವ್‌ನಲ್ಲಿ ಮ್ಯಾಗ್ನೆಟ್ರಾನ್ ಎಂಬ ಭಾಗ 2.45 ಗಿಗಾಹರ್ಟ್ಸ್ ಕಂಪನದ ಅಲೆಗಳನ್ನು ಹೊರಡಿಸುತ್ತದೆ. ಅವು ಮುಖ್ಯವಾಗಿ ಆಹಾರದಲ್ಲಿರುವ ನೀರನ್ನು ಬಿಸಿ ಮಾಡುತ್ತವೆ. ಒಳಗಿನ ಗಾಳಿ ಬಹಳ ಬಿಸಿಯಾಗುವುದಿಲ್ಲ, ಪಾತ್ರೆ ಕಾಯುವುದು ಮುಖ್ಯವಾಗಿ ಅದರೊಳಗಿನ ಆಹಾರದಿಂದ. ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್) ಇದಕ್ಕೆ ತದ್ವಿರುದ್ಧ. ಅದರಲ್ಲಿ ಕೆಂಪಗೆ ಕಾಯುವ ಕಂಬಿಗಳಿವೆ, ಅಲೆಗಳಿಲ್ಲ. ಅಲ್ಲಿ ಲೋಹದ ಟ್ರೇ ನಡೆಯುತ್ತದೆ, ಪ್ಲಾಸ್ಟಿಕ್ ನಡೆಯುವುದಿಲ್ಲ. ಕನ್ವೆಕ್ಷನ್ ಮೈಕ್ರೋವೇವ್ ಎಂಬುದು ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ ಯಂತ್ರ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಬಾಗಿಲು ಒಂದೇ, ಗುಂಡಿ ಮಾತ್ರ ಬೇರೆ. "ಮೈಕ್ರೋ" ಗುಂಡಿ ಒತ್ತಿದರೆ ಅಲೆಗಳು, "ಕನ್ವೆಕ್ಷನ್" ಒತ್ತಿದರೆ 180, 200 ಡಿಗ್ರಿಯ ಬಿಸಿಗಾಳಿ, "ಕಾಂಬಿ" ಒತ್ತಿದರೆ ಎರಡೂ ಒಟ್ಟಿಗೆ.

ಕ್ರಿಸ್‌ಮಸ್ ಹೊತ್ತಿಗೆ ಕೇಕ್ ಮಾಡುವ ಮನೆಗಳಲ್ಲಿ ಒಂದು ಮಾತು ಪ್ರತಿ ವರ್ಷ ಕಿವಿಗೆ ಬೀಳುತ್ತದೆ: "ಅಲ್ಲ ಅಕ್ಕ, ಹೋದ ವಾರ ಇದೇ ಅಲ್ಯೂಮಿನಿಯಂ ಟ್ರೇಯಲ್ಲಿ ಮಾಡಿದ್ದೆ, ಏನೂ ಆಗಿರಲಿಲ್ಲ. ಇವತ್ತು ಪಟಪಟ ಕಿಡಿ ಹಾರಿತು." ಹೋದ ವಾರ ಕನ್ವೆಕ್ಷನ್, ಈ ವಾರ ಮೈಕ್ರೋ. ಟ್ರೇ ಬದಲಾಗಿರಲಿಲ್ಲ, ಗುಂಡಿ ಬದಲಾಗಿತ್ತು.

ಹಾಗಾಗಿ ಮೊದಲ ಕೆಲಸ, ಪೆಟ್ಟಿಗೆಯ ಬಾಗಿಲಿಗೆ ಒಂದು ಚೀಟಿ ಅಂಟಿಸುವುದು. ಮೈಕ್ರೋ ಎಂದರೆ ಗಾಜು, ಪಿಂಗಾಣಿ. ಕನ್ವೆಕ್ಷನ್, ಗ್ರಿಲ್ ಎಂದರೆ ಶಾಖ ತಡೆಯುವ ಗಾಜು ಅಥವಾ ಲೋಹ, ಪ್ಲಾಸ್ಟಿಕ್ ಬೇಡವೇ ಬೇಡ. ಕಾಂಬಿಯಲ್ಲಿ ಪ್ಲಾಸ್ಟಿಕ್ಕೂ ಬೇಡ, ಲೋಹವೂ ಬೇಡ, ಯಂತ್ರದ ಜೊತೆ ಬಂದ ಸ್ಟ್ಯಾಂಡನ್ನು ಕಂಪನಿ ಹೇಳಿದ ಹಾಗೆ ಬಳಸಬಹುದು, ಅಷ್ಟೇ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕನ್ನಡಕ ಇಲ್ಲದೆ ಅಡುಗೆಮನೆಗೆ ಬರುವ ಅತ್ತೆಗೂ ಕಾಣಬೇಕು.

ಈ ಯಂತ್ರ ಹುಟ್ಟಿದ್ದೂ ಒಂದು ಸಣ್ಣ ಆಕಸ್ಮಿಕದಿಂದ. 1945ರ ಹೊತ್ತಿಗೆ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರಾಡಾರ್ ಕೆಲಸದಲ್ಲಿದ್ದ ಪರ್ಸಿ ಸ್ಪೆನ್ಸರ್ ಅವರ ಜೇಬಿನಲ್ಲಿದ್ದ ಚಾಕಲೇಟು ಮ್ಯಾಗ್ನೆಟ್ರಾನಿನ ಹತ್ತಿರ ಕರಗಿಹೋಯಿತು ಎಂಬ ಕಥೆ ಪ್ರಸಿದ್ಧ. ಚಾಕಲೇಟನ್ನೇ ವ್ಯಾಪಾರ ಮಾಡಿಕೊಂಡಿರುವ ಮಡಿಕೇರಿಯವರಿಗೆ ಈ ಕಥೆ ಹಿಡಿಸೀತು. ಅಂದ ಹಾಗೆ, ಮನೆಯಲ್ಲಿ ಚಾಕಲೇಟು ಕರಗಿಸುವವರು ಕಡಿಮೆ ಪವರಿನಲ್ಲಿ 30 ಸೆಕೆಂಡಿಗೊಮ್ಮೆ ನಿಲ್ಲಿಸಿ ಕಲಕಬೇಕು. ಮೇಲೆ ಗಟ್ಟಿಯಾಗೇ ಕಾಣುವ ಚಾಕಲೇಟು ಒಳಗೊಳಗೇ ಸೀದು ಹೊಗೆ ಬಿಡುತ್ತದೆ.

ಹೆಜ್ಜೆ 2: ಜಾಗ, ಪ್ಲಗ್ಗು, ಅರ್ತಿಂಗು

ಪೆಟ್ಟಿಗೆಯ ಹಿಂದೆ ಅಥವಾ ಬಾಗಿಲಿನ ಬದಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಎರಡು ಸಂಖ್ಯೆ ನೋಡಿ. 800 ವ್ಯಾಟ್ ಎಂದಿದ್ದರೆ ಅದು ಆಹಾರಕ್ಕೆ ಸಿಗುವ ಶಕ್ತಿ. ಗೋಡೆಯಿಂದ ಅದು ಎಳೆಯುವುದು 1,200ರ ಆಸುಪಾಸು. ಕನ್ವೆಕ್ಷನ್‌ನಲ್ಲಿ ಇದು 2,000 ದಾಟುತ್ತದೆ, ಅಂದರೆ 9 ಆಂಪಿನಷ್ಟು ಕರೆಂಟು. ಮೊಬೈಲ್ ಚಾರ್ಜಿಗೆಂದು ಹಾಕಿಸಿದ 6 ಆಂಪಿನ ಸಣ್ಣ ಪ್ಲಗ್ಗು ಇದನ್ನು ಹೊರಲಾರದು. 16 ಆಂಪಿನ ಪವರ್ ಪ್ಲಗ್ಗೇ ಬೇಕು, ಅದಕ್ಕೆ ಬೋರ್ಡಿನಿಂದ ಬೇರೆಯೇ ವೈರು ಬಂದಿರಬೇಕು. ಫ್ರಿಜ್ಜು, ಮಿಕ್ಸಿ, ಮೈಕ್ರೋವೇವ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿರುವ ಹೋಂಸ್ಟೇ ಅಡುಗೆಮನೆಗಳು ಎಷ್ಟೋ ಇವೆ. ಹತ್ತು ನಿಮಿಷ ಓವನ್ ಓಡಿಸಿ, ಸ್ವಿಚ್ ಆಫ್ ಮಾಡಿ ಪ್ಲಗ್ಗಿನ ಬೆನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಸಾಕೆಟ್ಟಿನ ಬಾಯಿ ಕಂದಾಗಿದ್ದರೆ, ಮೀನು ಸುಟ್ಟಂಥ ವಾಸನೆ ಬರುತ್ತಿದ್ದರೆ, ಅವತ್ತೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮೂರನೇ ಪಿನ್ನು ಅರ್ತಿಂಗಿಗೆ. ಹಳೆಯ ಸಾಕೆಟ್ಟಿಗೆ ಹೊಂದುವುದಿಲ್ಲವೆಂದು ಅದನ್ನು ಕತ್ತರಿಸುವುದಾಗಲಿ, ಎರಡು ಪಿನ್ನಿನ ಅಡಾಪ್ಟರ್ ಹಾಕುವುದಾಗಲಿ ಬೇಡ. ಹಳೆಯ ಮನೆಗಳಲ್ಲಿ ಅರ್ತ್ ವೈರು ಸಾಕೆಟ್ಟಿನವರೆಗೆ ಬಂದಿರುತ್ತದೆ, ಆಚೆ ನೆಲದಲ್ಲಿ ತೋಡಿದ ಅರ್ತ್ ಗುಂಡಿ ಮಾತ್ರ ಎಂದೋ ಮುಚ್ಚಿಹೋಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಅದನ್ನು ಪರೀಕ್ಷೆ ಮಾಡಿಸಿ, ಮನೆಗೆ ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಒದ್ದೆ ನೆಲ, ಬರಿಗಾಲು, ಕರೆಂಟು ಈ ಮೂರೂ ಕೂಡುವುದು ನಮ್ಮ ಮಳೆಗಾಲದ ನಿತ್ಯದ ಸ್ಥಿತಿ.

ಪೆಟ್ಟಿಗೆಯ ಹಿಂದೆ, ಅಕ್ಕಪಕ್ಕ ನಾಲ್ಕು ಬೆರಳು, ಮೇಲೆ ಒಂದು ಗೇಣು ಜಾಗ ಬಿಡಿ. ಮೇಲೆ ಹೊದಿಸಿರುವ ಕ್ರೋಶಾ ಬಟ್ಟೆ ಚೆಂದವೇ ಇರಬಹುದು, ಆದರೆ ಗಾಳಿಕಿಂಡಿ ಮುಚ್ಚುತ್ತದೆ. ಓವನ್ ಓಡುವಾಗಲಾದರೂ ತೆಗೆದಿಡಿ.

ಹೆಜ್ಜೆ 3: ಕರೆಂಟು ಹೋದಾಗ ಏನು ಮಾಡಬೇಕು

ಬೆಂಗಳೂರಿನವರು ಬರೆಯುವ ಸಲಹೆಗಳಲ್ಲಿ ಈ ಭಾಗ ಇರುವುದೇ ಇಲ್ಲ. ನಮಗೆ ಇದೇ ಮುಖ್ಯ. ಜುಲೈ, ಆಗಸ್ಟಿನ ಕಕ್ಕಡ ಮಾಸದ ಮಳೆಗೆ ಮರ ಬಿದ್ದು ಲೈನು ಹೋದರೆ ಕರೆಂಟು ಬರುವುದು ಅರ್ಧ ಗಂಟೆಗೋ ಅರ್ಧ ದಿನಕ್ಕೋ ಹೇಳಲಾಗದು.

ಓವನ್ನಿನಲ್ಲಿ ಕೋಳಿ ಇಟ್ಟಿದ್ದೀರಿ, ಕರೆಂಟು ಹೋಯಿತು ಎಂದುಕೊಳ್ಳಿ. "ಬರಲಿ, ಆಮೇಲೆ ನೋಡೋಣ" ಎಂದು ಬಾಗಿಲು ಹಾಕಿ ಎಲ್ಲರೂ ಪಕ್ಕದ ಮನೆಗೆ ಹೊರಟಿರಿ. ಗುಂಡಿ ಒತ್ತುವ ಡಿಜಿಟಲ್ ಯಂತ್ರಗಳು ಸಾಮಾನ್ಯವಾಗಿ ಕರೆಂಟು ಬಂದಾಗ ಎಲ್ಲ ಮರೆತು ಗಡಿಯಾರ ಮಿಣುಕಿಸುತ್ತ ಕೂರುತ್ತವೆ. ಡಯಲ್ ತಿರುಗಿಸುವ ಹಲವು ಮೈಕ್ರೋವೇವ್‌ಗಳು ಹಾಗಲ್ಲ. ಅವು ನಿಂತಲ್ಲಿಂದಲೇ ಮತ್ತೆ ಶುರುವಾಗುತ್ತವೆ. ಓಟಿಜಿಯ ಟೈಮರನ್ನು "ಸ್ಟೇ ಆನ್"ಗೆ ತಿರುಗಿಸಿದ್ದರಂತೂ ಕರೆಂಟು ಬಂದ ಕ್ಷಣದಿಂದ ಕಂಬಿಗಳು ಕಾಯತೊಡಗಿ, ಯಾರಾದರೂ ಬಂದು ಆರಿಸುವವರೆಗೆ ಕಾಯುತ್ತಲೇ ಇರುತ್ತವೆ. ಮನೆಯಲ್ಲಿ ಯಾರೂ ಇಲ್ಲ, ಟ್ರೇಯಲ್ಲಿ ಕೊಬ್ಬು ಇದೆ. ಮುಂದಿನದನ್ನು ಬರೆಯಬೇಕಾಗಿಲ್ಲ.

ಕರೆಂಟು ಹೋದ ಕೂಡಲೇ ಈ ಕ್ರಮ ರೂಢಿ ಮಾಡಿಕೊಳ್ಳಿ:

ಮೊದಲು ಡಯಲ್ಲನ್ನು ಸೊನ್ನೆಗೆ ತನ್ನಿ. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಅರೆಬೆಂದ ಮಾಂಸವನ್ನು ಬೆಚ್ಚಗಿನ ಪೆಟ್ಟಿಗೆಯೊಳಗೆ ಬಿಡಬೇಡಿ, ಅದು ರೋಗಾಣುಗಳಿಗೆ ಮಾಡಿಕೊಟ್ಟ ಹಾಸಿಗೆ. ಆಗಲೇ ಪಾತ್ರೆಗೆ ಹಾಕಿ ಗ್ಯಾಸಿನ ಮೇಲೋ ಸೌದೆ ಒಲೆಯ ಮೇಲೋ ಪೂರ್ತಿ ಬೇಯಿಸಿ. ಕರೆಂಟು ಬಂದ ಮೇಲೆ ಐದು ನಿಮಿಷ ತಡೆದು ಪ್ಲಗ್ ಹಾಕಿ. ಲೈನು ಬಂದ ಹೊಸದರಲ್ಲಿ ವೋಲ್ಟೇಜು ಏರಿಳಿಯುತ್ತದೆ, ಬಂದು ಮತ್ತೆ ಹೋಗುವುದೂ ಇದೆ.

ಜನರೇಟರ್ ಇರುವ ಎಸ್ಟೇಟುಗಳಲ್ಲಿಯೂ ಇದೇ ನಿಯಮ. ಜನರೇಟರಿಗೆ ಬದಲಾಯಿಸುವ ಹೊತ್ತಿನಲ್ಲಿ ಓವನ್ ಪ್ಲಗ್ಗಿನಲ್ಲಿ ಇರಬಾರದು. ಮನೆಯ ಯುಪಿಎಸ್ ವಿಷಯ ಇನ್ನೂ ಸರಳ. 800, 900 ವಿಎಯ ಇನ್ವರ್ಟರ್ ಲೈಟು, ಫ್ಯಾನಿಗೆ ಇರುವುದು. 1,200 ವ್ಯಾಟ್ ಎಳೆಯುವ ಯಂತ್ರ ಅದಕ್ಕೆ ಸಲ್ಲದು.

ಕಡಿಮೆ ವೋಲ್ಟೇಜಿನ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಸಂಜೆ ಬಲ್ಬು ಮಂಕಾಗಿ ಉರಿಯುವ ಹೊತ್ತಿನಲ್ಲಿ ಮೈಕ್ರೋವೇವ್ ತಿರುಗುತ್ತದೆ, ಒಳಗಿನ ದೀಪ ಉರಿಯುತ್ತದೆ, ಟಿಂಗ್ ಎಂದೂ ಅನ್ನುತ್ತದೆ. ಆದರೆ ಮ್ಯಾಗ್ನೆಟ್ರಾನಿನ ಶಕ್ತಿ ಸಾಕಷ್ಟು ಕುಸಿದಿರುತ್ತದೆ. ಮೊನ್ನೆ ನಾಲ್ಕು ನಿಮಿಷಕ್ಕೆ ಕುದಿದ ಸಾರು ಇವತ್ತು ಅದೇ ನಾಲ್ಕು ನಿಮಿಷಕ್ಕೆ ಉಗುರುಬೆಚ್ಚಗೆ ಮಾತ್ರ. ಆದ್ದರಿಂದ ನಿಮಿಷ ನಂಬಬೇಡಿ, ಆಹಾರ ನೋಡಿ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಗುಡುಗು, ಸಿಡಿಲು ಶುರುವಾಗುತ್ತದೆ. ಗುಡುಗಿನ ಮೊದಲ ಸದ್ದಿಗೆ ಟಿವಿ ಪ್ಲಗ್ ಕೀಳುವ ನಾವು ಓವನ್ನಿನದನ್ನು ಮರೆಯುತ್ತೇವೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಹೆಜ್ಜೆ 4: ಪಾತ್ರೆ ಆರಿಸುವುದು

ಪಾತ್ರೆ ಮೈಕ್ರೋವೇವ್‌ಗೆ ಆಗುತ್ತದೋ ಇಲ್ಲವೋ ಅನುಮಾನ ಇದ್ದರೆ ಪರೀಕ್ಷೆ ಸುಲಭ. ಲೋಹದ ಅಂಚು, ಹಿಡಿ, ಚಿತ್ತಾರ ಯಾವುದೂ ಇಲ್ಲದ ಖಾಲಿ ಪಾತ್ರೆಯನ್ನು ಒಳಗಿಡಿ. ಪಕ್ಕದಲ್ಲೇ ಒಂದು ಗಾಜಿನ ಲೋಟ ನೀರು ಇಡಿ. ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಬಳಸಬಹುದು. ಪಾತ್ರೆಯೇ ಬಿಸಿಯಾದರೆ ಬೇಡ. ಮೆಲಮೈನ್ ತಟ್ಟೆಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ, ಕೆಲವು ಮಣ್ಣಿನ ಮಡಿಕೆಗಳೂ ಸೋಲುತ್ತವೆ. ತೇವ ಹೀರಿದ ಮಡಿಕೆ ತಾನೇ ಕಾದು ಬಿರಿಯಬಹುದು.

ಚಿನ್ನದ ಗೆರೆ ಎಳೆದ ಪಿಂಗಾಣಿ ಕಪ್ಪುಗಳು ಮದುವೆ ಉಡುಗೊರೆಯಾಗಿ ಪ್ರತಿ ಮನೆಯಲ್ಲೂ ಇವೆ. ಆ ಗೆರೆ ಲೋಹವೇ. ಪಾರ್ಸೆಲ್ ಪೊಟ್ಟಣದ ಸ್ಟೇಪ್ಲರ್ ಪಿನ್ನು, ಬ್ರೆಡ್ ಪ್ಯಾಕೆಟ್ಟಿನ ಬಾಯಿ ಕಟ್ಟಿದ ತಂತಿ, ಫಾಯಿಲ್ ಚೂರು, ಸ್ಟೀಲ್ ಚಮಚ, ಜರಿಯಿರುವ ಬಟ್ಟೆ, ಇವೂ ಅದೇ ಲೆಕ್ಕಕ್ಕೆ ಸೇರುತ್ತವೆ. ದಿನಪತ್ರಿಕೆಯಲ್ಲಿ ಸುತ್ತಿ ಬಿಸಿ ಮಾಡಬೇಡಿ, ಕಾಗದ ಹೊತ್ತಿಕೊಳ್ಳುತ್ತದೆ, ಶಾಯಿ ಆಹಾರಕ್ಕೆ ಇಳಿಯುತ್ತದೆ.

ಪ್ಲಾಸ್ಟಿಕ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದು "ಮೈಕ್ರೋವೇವ್ ಸೇಫ್" ಎಂದೂ ಬರೆದಿದ್ದರೆ ಅನ್ನ, ಸಾರಿಗೆ ಅಡ್ಡಿಯಿಲ್ಲ. ಪಂದಿ ಕರಿಗೆ, ಅಂದರೆ ನಮ್ಮ ಹಂದಿಮಾಂಸದ ಕರಿಗೆ, ಮಾತ್ರ ಬೇಡ. ನೀರು 100 ಡಿಗ್ರಿಯ ಹತ್ತಿರ ಆವಿಯಾಗಿ ನಿಲ್ಲುತ್ತದೆ, ಕೊಬ್ಬಿಗೆ ಆ ಮಿತಿ ಇಲ್ಲ, ಅದರಾಚೆಗೂ ಕಾಯುತ್ತ ಹೋಗುತ್ತದೆ. ನಾಲ್ಕಾರು ಸಲ ಪಂದಿ ಕರಿ ಬಿಸಿ ಮಾಡಿದ ಡಬ್ಬಿಯನ್ನು ತೊಳೆದು ಬೆಳಕಿಗೆ ಹಿಡಿದು ನೋಡಿ. ಕೊಬ್ಬು ತೇಲಿ ನಿಂತಿದ್ದ ಮಟ್ಟದಲ್ಲೇ ಒಳಗೋಡೆಯ ಸುತ್ತ ಒಂದು ಒರಟು ಗೆರೆ, ಬೆರಳಿಗೆ ತಾಗುವ ಸಣ್ಣ ಸಣ್ಣ ಗುಳಿಗಳು. ಆ ಪ್ಲಾಸ್ಟಿಕ್ಕು ಹೋದದ್ದು ಕರಿಯೊಳಕ್ಕೆ. ನಮ್ಮ ಕಡೆಯ ಕಪ್ಪು ಹುಳಿರಸವಾದ ಕಾಚಂಪುಳಿ ಹಾಕಿದ ಕರಿಯನ್ನು ಅಲ್ಯೂಮಿನಿಯಂ ಪಾರ್ಸೆಲ್ ಡಬ್ಬಿಯಲ್ಲಿ ರಾತ್ರಿಯಿಡೀ ಇಡುವುದೂ ಸರಿಯಲ್ಲ, ಹುಳಿ ಆ ಲೋಹವನ್ನು ತಿನ್ನುತ್ತದೆ. ಇದಕ್ಕೆಲ್ಲ ಗಾಜಿನ ಬೋಗುಣಿಯೇ ಲೇಸು.

ಗಾಜಿಗೂ ಒಂದು ದೌರ್ಬಲ್ಯವಿದೆ. 200 ಡಿಗ್ರಿಯಿಂದ ತೆಗೆದ ಗಾಜಿನ ಟ್ರೇಯನ್ನು ಡಿಸೆಂಬರಿನ ಚಳಿಯಲ್ಲಿ, ಆಗತಾನೇ ಒರೆಸಿದ ಒದ್ದೆ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ಒಡೆದು ಚೂರಾಗಬಹುದು. ಮರದ ಮಣೆ ಅಥವಾ ಮಡಿಸಿದ ಒಣ ಬಟ್ಟೆ ಹಾಸಿ ಇಡಿ. ಹಿಡಿಯುವ ಬಟ್ಟೆಯೂ ಒಣಗಿರಬೇಕು. ಒದ್ದೆ ಬಟ್ಟೆಯ ಮೂಲಕ ಶಾಖ ಕ್ಷಣದಲ್ಲಿ ಕೈಗೆ ಬರುತ್ತದೆ, ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಬಟ್ಟೆ ಒಣಗಿರುವುದೇ ಅಪರೂಪ.

ಹೆಜ್ಜೆ 5: ಸಿಡಿಯುವ ಪದಾರ್ಥಗಳನ್ನು ಪಳಗಿಸುವುದು

ಸಿಪ್ಪೆಯೊಳಗೆ ನೀರಿರುವುದೆಲ್ಲ ಮೈಕ್ರೋವೇವ್‌ನಲ್ಲಿ ಸಿಡಿಯಬಹುದು. ನಮ್ಮ ಕಡೆ ಈ ಪಟ್ಟಿಯ ಮೊದಲ ಹೆಸರು ಹಲಸಿನ ಬೀಜ. ಕೆಂಡದಲ್ಲಿ ಸುಟ್ಟು ತಿಂದು ರೂಢಿಯಾದವರು ಹಾಗೇ ಒಂದು ಹಿಡಿ ಬೀಜ ಗಾಜಿನ ತಟ್ಟೆಗೆ ಹಾಕಿ ಮೂರು ನಿಮಿಷಕ್ಕೆ ಇಡುತ್ತಾರೆ. ಬಾಗಿಲು ತಾನೇ ತೆರೆದುಕೊಳ್ಳುವಷ್ಟು ಜೋರಾಗಿ ಸಿಡಿದದ್ದನ್ನು ನೋಡಿದ್ದೇನೆ. ಪ್ರತಿ ಬೀಜದ ಹೊರಸಿಪ್ಪೆ ಸುಲಿದು, ಅಡ್ಡಕ್ಕೆ ಒಂದು ಸೀಳು ಹಾಕಿ, ನೀರು ಚಿಮುಕಿಸಿ, ತೂತಿರುವ ಮುಚ್ಚಳ ಮುಚ್ಚಿ ಇಡಿ. ಆಲೂಗೆಡ್ಡೆ, ಗೆಣಸು, ಟೊಮೆಟೊ, ಕೋಳಿಯ ಲಿವರ್, ಇವಕ್ಕೆಲ್ಲ ಫೋರ್ಕಿನಿಂದ ನಾಲ್ಕೈದು ಕಡೆ ಚುಚ್ಚಿ.

ಇಡೀ ಮೊಟ್ಟೆಯನ್ನು ಇಡಲೇಬೇಡಿ. ಚಿಪ್ಪಿನ ಸಮೇತ ಇಟ್ಟರೆ ಸಿಡಿಯುತ್ತದೆ ಎಂದು ಬಹಳ ಜನಕ್ಕೆ ಗೊತ್ತು. ಬೇಯಿಸಿ ಸುಲಿದ ಮೊಟ್ಟೆಯನ್ನು ಮತ್ತೆ ಬಿಸಿ ಮಾಡಿದರೂ ಸಿಡಿಯಬಹುದು, ಅದೂ ಕೆಲವೊಮ್ಮೆ ಹೊರಗೆ ತೆಗೆದು ಬಾಯಿಗಿಟ್ಟು ಕಚ್ಚಿದಾಗ. ಒಳಗಿನ ಹಳದಿ ಭಾಗ ಕುದಿಬಿಂದು ದಾಟಿ ಒತ್ತಡದಲ್ಲಿ ಕೂತಿರುತ್ತದೆ, ಹಲ್ಲು ತಾಗಿದೊಡನೆ ಬಿಡುಗಡೆ. ಮೊಟ್ಟೆ ಕರಿ ಬಿಸಿ ಮಾಡಬೇಕಾದರೆ ಮೊಟ್ಟೆಯನ್ನು ಸಣ್ಣಗೆ ಹೆಚ್ಚಿ ಮಾಡಿ, ಇಲ್ಲವೇ ಗ್ಯಾಸಿನ ಮೇಲೆ ಮಾಡಿ.

ಪಂದಿ ಕರಿಯಲ್ಲಿ ಚರ್ಮ, ಕೊಬ್ಬು, ಮಾಂಸ ಮೂರು ಪದರ ಇರುವ ತುಂಡುಗಳು ಪೂರ್ತಿ ಪವರಿನಲ್ಲಿ ಪಟಾಕಿಯಂತೆ ಸಿಡಿದು ಪೆಟ್ಟಿಗೆಯ ಒಳಗೋಡೆಗೆ ಕೊಬ್ಬು ಎರಚುತ್ತವೆ. ಆ ಕೊಬ್ಬೇ ಮುಂದಿನ ಸಲ ಹೊತ್ತಿಕೊಳ್ಳುವುದು. ಅರ್ಧ ಪವರಿನಲ್ಲಿ ಇಡಿ, ಮುಚ್ಚಿ ಇಡಿ, ಒಂದೂವರೆ ನಿಮಿಷಕ್ಕೊಮ್ಮೆ ಕಲಕಿ. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು, ಒತ್ತುಶಾವಿಗೆಯಂಥ ನೂಲ್‌ಪುಟ್ಟು ಬಿಸಿ ಮಾಡುವಾಗ ನೀರು ಚಿಮುಕಿಸಿ ಒದ್ದೆ ಹತ್ತಿ ಬಟ್ಟೆ ಮುಚ್ಚಿ ಅರ್ಧ ನಿಮಿಷ ಇಟ್ಟರೆ ಸಾಕು. ಹೆಚ್ಚಾದರೆ ಕಡಂಬುಟ್ಟು ಹೊರಗೆ ಕಲ್ಲಾಗಿ ನಡುಭಾಗ ಸೀಯುತ್ತದೆ.

ಇನ್ನು ಬರಿ ನೀರು. ಇದೂ ಸಿಡಿಯುತ್ತದೆ ಎಂದರೆ ನಂಬುವವರು ಕಡಿಮೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯಬೇಕು. ಆದರೆ ನಯವಾದ ಹೊಸ ಗಾಜಿನ ಲೋಟದಲ್ಲಿ, ಮೈಕ್ರೋವೇವ್‌ನ ಒಳಗೆ, ಗುಳ್ಳೆ ಹುಟ್ಟಲು ಒರಟು ಜಾಗವೇ ಸಿಗದೆ ನೀರು ಕುದಿಬಿಂದು ದಾಟಿಯೂ ಸುಮ್ಮನೆ ನಿಂತಿರುತ್ತದೆ. ನೋಡಿದರೆ ಕುದಿದೇ ಇಲ್ಲ ಅನಿಸುತ್ತದೆ. ಬೆಲ್ಲದ ಕಾಫಿ ಮಾಡೋಣವೆಂದು ಒಂದು ಚೂರು ಬೆಲ್ಲ ಹಾಕಿದಿರೋ, ಇಡೀ ಲೋಟದ ನೀರು ಒಮ್ಮೆಲೇ ಉಕ್ಕಿ ಮುಖಕ್ಕೂ ಕೈಗೂ ಎರಚುತ್ತದೆ. ತಪ್ಪಿಸುವ ದಾರಿ ಹೀಗೆ: ನೀರಿಗೆ ಮೊದಲೇ ಒಂದು ಮರದ ಚಮಚ ಹಾಕಿಡಿ, ಒಮ್ಮೆ ಕಾಯಿಸಿ ಆರಿಸಿದ ನೀರನ್ನು ಅದೇ ಲೋಟದಲ್ಲಿ ಮತ್ತೆ ಕಾಯಿಸಬೇಡಿ, ಟಿಂಗ್ ಎಂದ ಮೇಲೆ ಒಂದು ನಿಮಿಷ ಬಾಗಿಲು ತೆರೆಯಬೇಡಿ. ನನ್ನನ್ನು ಕೇಳಿದರೆ, ಬರಿ ನೀರು ಕಾಯಿಸಲು ಮೈಕ್ರೋವೇವ್ ಬೇಕಾಗಿಯೇ ಇಲ್ಲ.

ಹೆಜ್ಜೆ 6: ಒಳಗೆ ಇಡಲೇಬಾರದ್ದು

ವಾರಗಟ್ಟಲೆ ಬಿಸಿಲು ಕಾಣದ ಜುಲೈಯಲ್ಲಿ ಒಣಗದ ಸಾಕ್ಸು, ಮಗುವಿನ ಬಟ್ಟೆ, ಮೆತ್ತಗಾದ ಬೆಂಕಿಪೊಟ್ಟಣ, ಸರಿಯಾಗಿ ಒಣಗದ ಕರಿಮೆಣಸು, ಏಲಕ್ಕಿ ಎಲ್ಲವೂ ಈ ಪೆಟ್ಟಿಗೆಯನ್ನು ನೋಡಿ ಆಸೆಪಡುತ್ತವೆ. ಬೇಡ. ನೀರು ಇರುವವರೆಗೆ ಅಲೆಗಳು ನೀರನ್ನು ಕಾಯಿಸುತ್ತವೆ. ನೀರು ಕಡಿಮೆಯಾದಂತೆ ಒಂದೊಂದು ಜಾಗದಲ್ಲಿ ಶಾಖ ಏರಿ, ಹೊರಗಿನಿಂದ ಒದ್ದೆ ಕಾಣುವ ಸಾಕ್ಸಿನ ಮಡಿಕೆಯೊಳಗೆ ಕಿಡಿ ಹತ್ತುತ್ತದೆ. ಮೆಣಸಿನ ರಾಶಿಯ ನಡುವೆಯೂ ಹಾಗೇ. ಬೆಂಕಿಪೊಟ್ಟಣದ ವಿಷಯ ಹೇಳಬೇಕಾಗಿಲ್ಲ.

ಜೇನು ಗಟ್ಟಿಯಾಗಿದೆಯೆಂದು ಬಾಟಲಿಯನ್ನು ಮುಚ್ಚಳದ ಸಮೇತ ಇಟ್ಟರೆ ಎರಡು ಅಪಾಯ: ಮುಚ್ಚಳ ಲೋಹದ್ದು, ಬಾಟಲಿ ಬಿಗಿಯಾದದ್ದು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ತಾನೇ ಕರಗುತ್ತದೆ. ಮನೆಯಲ್ಲಿ ಮಾಡಿದ ವೈನನ್ನು ಕೇಕಿನ ಹಣ್ಣಿಗೆ ಹಾಕಿ ಓವನ್ನಿನಲ್ಲಿ ಕಾಯಿಸುವವರಿದ್ದಾರೆ. ಮದ್ಯದ ಆವಿ ಕಾದ ಕಂಬಿಗೆ ತಾಗಿ ಭಗ್ಗೆನ್ನಬಹುದು, ತಣ್ಣಗೇ ನೆನೆಹಾಕಿ. ಎಣ್ಣೆ ಕಾಯಿಸಿ ಕರಿಯುವುದು ಮೈಕ್ರೋವೇವ್‌ನಲ್ಲಿ ಆಗದ ಕೆಲಸ, ಎಣ್ಣೆಯ ಶಾಖಕ್ಕೆ ಅಲ್ಲಿ ಕಡಿವಾಣ ಇಲ್ಲ. ಖಾಲಿ ಪೆಟ್ಟಿಗೆ ಓಡಿಸಬೇಡಿ, ಹೀರುವ ಆಹಾರವಿಲ್ಲದೆ ಅಲೆಗಳು ಮ್ಯಾಗ್ನೆಟ್ರಾನಿಗೇ ವಾಪಸು ಬರುತ್ತವೆ. ಮಕ್ಕಳು ಗುಂಡಿ ಆಡುವ ಮನೆಯಲ್ಲಿ ಸ್ವಿಚ್ ಆಫ್ ಇರಲಿ.

ಹಸಿ ಕಣಿಲೆಯನ್ನು (ಎಳೆ ಬಿದಿರಿನ ಮೊಳಕೆ) ನೆನೆಸದೆ ಮೈಕ್ರೋವೇವ್‌ನಲ್ಲಿ ಬೇಗ ಬೇಯಿಸಿ ಬೈಂಬಳೆ ಕರಿ ಮಾಡಬಹುದೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಮಾಡಬಾರದು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ, ನೀರು ಬದಲಾಯಿಸುತ್ತ ದಿನಗಟ್ಟಲೆ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಿ ನೀರು ಬಸಿಯುವ ಹಳೆಯ ಕ್ರಮಕ್ಕೆ ಕಾರಣವಿದೆ. ಅಲ್ಲಿ ಅವಸರ ಸಲ್ಲದು.

ಹೆಜ್ಜೆ 7: ಬಿಸಿ ಮಾಡಿದ್ದು ಒಳಗೂ ಬಿಸಿಯಾಗಿದೆಯೇ?

ಕೈಲ್‌ಪೊಳ್ದ್ ಹಬ್ಬ ಆದ ಮರುದಿನ ಪ್ರತಿ ಮನೆಯ ಫ್ರಿಜ್ಜಿನಲ್ಲೂ ಪಂದಿ ಕರಿ. ಮೈಕ್ರೋವೇವ್‌ನ ಅಲೆಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತವೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಅಂಚು ಕೊತಕೊತ ಕುದಿಯುವಾಗ ನಡುವಿನ ತುಂಡು ಫ್ರಿಜ್ಜಿನಲ್ಲಿದ್ದಷ್ಟೇ ತಣ್ಣಗಿರಬಹುದು. ತಟ್ಟೆಯ ಅಂಚಿಗೆ ತುಂಡುಗಳನ್ನು ಸುತ್ತ ಹರಡಿ ನಡುವೆ ಜಾಗ ಬಿಡಿ, ಕಲಕಿ, ಕೊನೆಗೆ ಎರಡು ನಿಮಿಷ ಹಾಗೇ ಬಿಡಿ. ಅಡುಗೆ ಥರ್ಮಾಮೀಟರ್ ಇದ್ದರೆ ದೊಡ್ಡ ತುಂಡಿನ ನಡುವೆ 74 ಡಿಗ್ರಿ ತೋರಿಸಬೇಕು. ಹಸಿ ಪಂದಿ ಮಾಂಸವನ್ನು ಮೈಕ್ರೋವೇವ್ ಒಂದರಲ್ಲೇ ಬೇಯಿಸುವುದನ್ನು ನಾನು ಒಪ್ಪುವುದಿಲ್ಲ. ಅರೆಬೆಂದ ಪಂದಿ ಮಾಂಸದಿಂದ ಲಾಡಿಹುಳದ ತೊಂದರೆ ಬರಬಹುದು, ಒಲೆಯ ಮೇಲೆ ನಿಧಾನವಾಗಿ ಬೆಂದ ಕರಿಗೆ ರುಚಿಯೂ ಹೆಚ್ಚು.

ಮಗುವಿನ ಹಾಲಿನ ಬಾಟಲಿಯನ್ನು ಇಡಬೇಡಿ. ಬಾಟಲಿ ಮುಟ್ಟಿದರೆ ತಣ್ಣಗಿರುತ್ತದೆ, ಒಳಗೆ ಒಂದು ಗುಟುಕು ಮಾತ್ರ ನಾಲಿಗೆ ಸುಡುವಷ್ಟು ಕಾದಿರುತ್ತದೆ.

ಹೆಜ್ಜೆ 8: ಹೋಂಸ್ಟೇ ನಡೆಸುವವರಿಗೆ

ಅತಿಥಿಗಳಿಗೆ ನಿಮ್ಮ ಯಂತ್ರ ಗೊತ್ತಿರುವುದಿಲ್ಲ, ಕೇಳಲು ಸಂಕೋಚ. ರಾತ್ರಿ ಹತ್ತಕ್ಕೆ ತಾವೇ ಬಂದು ಪಿಜ್ಜಾವನ್ನು ಡಬ್ಬಿ ಸಮೇತ ಒಳಗಿಟ್ಟು ಗ್ರಿಲ್ ಒತ್ತುತ್ತಾರೆ. ಅತಿಥಿಗಳು ಬಳಸುವ ಅಡುಗೆಮನೆಯಲ್ಲಿ ಸೋಲೋ ಮೈಕ್ರೋವೇವ್ ಮಾತ್ರ ಇಡಿ, ಪಕ್ಕದಲ್ಲೇ ಎರಡು ಗಾಜಿನ ಬೋಗುಣಿ ಮತ್ತು ಮುಚ್ಚಳ ಇಡಿ. ಸರಿಯಾದ ಪಾತ್ರೆ ಕೈಗೆ ಸಿಕ್ಕರೆ ತಪ್ಪು ಪಾತ್ರೆ ಯಾರೂ ಹುಡುಕುವುದಿಲ್ಲ.

ಓವನ್ನನ್ನು ಕಪಾಟು ಮಾಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಇರುವೆ ಬಾರದಿರಲೆಂದು ಬಿಸ್ಕತ್ತು ಡಬ್ಬಿ, ಉಳಿದ ಅಕ್ಕಿತರಿಯ ಪಾಪುಟ್ಟು, ಬಾಣಲೆ ಎಲ್ಲ ಅದರೊಳಗೆ. ಬೆಳಿಗ್ಗೆ ಇನ್ನೊಬ್ಬರು ನೋಡದೆ ಪ್ರೀಹೀಟ್‌ಗೆ ಹಾಕಿದರೆ ಐದು ನಿಮಿಷಕ್ಕೆ ಪ್ಲಾಸ್ಟಿಕ್ ಹೊಗೆ. ಓವನ್ ಒಳಗೆ ಏನೂ ಇಡಬಾರದು, ಇದಕ್ಕೆ ವಿನಾಯಿತಿ ಬೇಡ.

ಚಳಿಗಾಲದ ಇನ್ನೊಂದು ಸಂಗತಿ. ಕೋಣೆ ಬೆಚ್ಚಗಾಗಲೆಂದು ಗ್ಯಾಸ್ ಓವನ್ನಿನ ಬಾಗಿಲು ತೆರೆದು ಉರಿಸುವುದು, ಹೊರಗಿನ ಬಾರ್ಬೆಕ್ಯೂವಿನ ಕೆಂಡವನ್ನು ಕೋಣೆಗೆ ತಂದು ಕಿಟಕಿ ಮುಚ್ಚಿ ಮಲಗುವುದು, ಎರಡೂ ಪ್ರಾಣಕ್ಕೆ ಕುತ್ತು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಅತಿಥಿಗಳು ಕೆಂಡ ಕೇಳಿದರೆ ಕೊಡಬೇಡಿ, ಇನ್ನೊಂದು ಕಂಬಳಿ ಕೊಡಿ.

ಗ್ಯಾಸ್ ಓವನ್ ಹೊತ್ತಿಸುವಾಗ ಮೊದಲು ಬಾಗಿಲು ತೆರೆಯಿರಿ, ಆಮೇಲೆ ಕಡ್ಡಿ ಗೀರಿ, ಕೊನೆಗೆ ನಾಬು ತಿರುಗಿಸಿ. ಹೊತ್ತಲಿಲ್ಲವೆಂದರೆ ನಾಬು ಬಂದ್ ಮಾಡಿ, ಐದು ನಿಮಿಷ ಗಾಳಿಯಾಡಲು ಬಿಟ್ಟು ಮತ್ತೆ ಪ್ರಯತ್ನಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ, ಹಾಗಾಗಿ ಕಿಟಕಿಯ ಜೊತೆ ಬಾಗಿಲನ್ನೂ ತೆರೆಯಿರಿ. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಸೋರಿಕೆಯ ಸಹಾಯವಾಣಿ 1906.

ಹೆಜ್ಜೆ 9: ಶುಚಿ ಮತ್ತು ರಿಪೇರಿ

ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಒಳಗೆಲ್ಲ ಒರೆಸಿ. ಕೊಬ್ಬು ಗಟ್ಟಿಯಾಗಿ ಅಂಟಿದ್ದರೆ, ಒರೆಸುವ ಮೊದಲು ಅಗಲ ಬೋಗುಣಿಯಲ್ಲಿ ನೀರು, ಹಿಂಡಿದ ನಿಂಬೆ ಹೋಳು, ಮರದ ಚಮಚ ಇಟ್ಟು ಮೂರು ನಿಮಿಷ ಓಡಿಸಿ, ಐದು ನಿಮಿಷ ಬಾಗಿಲು ಮುಚ್ಚಿಡಿ. ಹಬೆಗೆ ಜಿಡ್ಡು ಸಡಿಲಾಗುತ್ತದೆ. ಒಳಗೋಡೆಯ ಒಂದು ಬದಿಯಲ್ಲಿ ರಟ್ಟಿನಂಥ ತೆಳು ಹಾಳೆ ಕಾಣುತ್ತದಲ್ಲ, ಅದು ಅಭ್ರಕ. ಅದರ ಮೇಲೆ ಜಿಡ್ಡು ಸುಟ್ಟು ಕಪ್ಪಾದರೆ ಅಲ್ಲಿಂದಲೇ ಕಿಡಿ ಹಾರುತ್ತದೆ. ಕಿತ್ತೆಸೆಯಬೇಡಿ, ಹೊಸದು ಹಾಕಿಸಿ. ತುಕ್ಕು ಹಿಡಿದು ಬಣ್ಣ ಎದ್ದ ಜಾಗವೂ ಕಿಡಿಗೆ ಮೂಲ. ಮಳೆಗಾಲದಲ್ಲಿ ಬೆಚ್ಚಗಿನ ಗಾಳಿಕಿಂಡಿಯೊಳಗೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಸೇರಿಕೊಳ್ಳುತ್ತದೆ, ಬೋರ್ಡು ಶಾರ್ಟ್ ಆಗುತ್ತದೆ.

ಬಾಗಿಲು ಸೊಟ್ಟಗಾಗಿದ್ದರೆ, ಕೊಂಡಿ ಮುರಿದಿದ್ದರೆ, ಬಾಗಿಲು ತೆರೆದರೂ ಓಡುತ್ತಿದ್ದರೆ ಆ ಕ್ಷಣ ನಿಲ್ಲಿಸಿ. ಬಾಗಿಲು ಸರಿಯಿರುವವರೆಗೆ ವಿಕಿರಣದ ಭಯ ಬೇಡ. ಅಲೆಯ ಉದ್ದ 12 ಸೆಂಟಿಮೀಟರ್, ಬಾಗಿಲಿನ ಜಾಲರಿಯ ತೂತು ಕೆಲವೇ ಮಿಲಿಮೀಟರ್, ಹೊರಗೆ ಬರಲಾರದು. ಆಹಾರದಲ್ಲೂ ವಿಕಿರಣ ಉಳಿಯುವುದಿಲ್ಲ.

ಹೊರಕವಚ ಬಿಚ್ಚುವುದು ಮಾತ್ರ ಯಾರೂ ಮಾಡಬಾರದು, ರೇಡಿಯೊ ಟಿವಿ ಬಿಚ್ಚಿ ಅಭ್ಯಾಸವಿರುವ ಅಣ್ಣಂದಿರು ಕೂಡ. ಒಳಗಿನ ಟ್ರಾನ್ಸ್‌ಫಾರ್ಮರ್ 2,000 ವೋಲ್ಟಿನ ಆಸುಪಾಸು ಹುಟ್ಟಿಸುತ್ತದೆ, ಕೆಪಾಸಿಟರ್ ಸೇರಿ ಮ್ಯಾಗ್ನೆಟ್ರಾನಿಗೆ ಹೋಗುವುದು ಅದರ ದುಪ್ಪಟ್ಟು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಆ ಚಾರ್ಜನ್ನು ಹಿಡಿದಿರಬಹುದು. ಒಮ್ಮೆ ಮುಟ್ಟಿದರೆ ಎರಡನೇ ಅವಕಾಶ ಸಿಗದೆ ಹೋಗಬಹುದು.

ಹೆಜ್ಜೆ 10: ಬೆಂಕಿ ಹೊತ್ತಿದರೆ, ಮೈ ಸುಟ್ಟರೆ

ಒಳಗೆ ಜ್ವಾಲೆ ಕಂಡಾಗ ಕೈ ತಾನಾಗಿ ಬಾಗಿಲಿಗೆ ಹೋಗುತ್ತದೆ. ತೆರೆಯಬೇಡಿ. ಹೊಸ ಗಾಳಿ ಸಿಕ್ಕರೆ ಬೆಂಕಿ ಹೊರಗೆ ನುಗ್ಗುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಸಾಧ್ಯವಾದರೆ ಪ್ಲಗ್ ಕೀಳಿ, ಇಲ್ಲದಿದ್ದರೆ ಮೇನ್ ಇಳಿಸಿ. ಗಾಳಿ ಮುಗಿದರೆ ಹೆಚ್ಚಿನ ಬೆಂಕಿ ಒಳಗೇ ನಂದುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟಬೇಡಿ. ನೀರು ಎರಚಬೇಡಿ, ಕರೆಂಟಿಗೂ ಅದು ಸಲ್ಲದು, ಉರಿಯುವ ಕೊಬ್ಬಿಗಂತೂ ಸಲ್ಲವೇ ಸಲ್ಲದು. ಹೋಂಸ್ಟೇಯಲ್ಲಿ ಬೆಂಕಿ ನಂದಿಸುವ ಎಬಿಸಿ ಪುಡಿಯ ಸಿಲಿಂಡರ್ ಒಂದನ್ನು ಅಡುಗೆಮನೆಯ ಬಾಗಿಲ ಹತ್ತಿರ ತೂಗುಹಾಕಿ. ಓವನ್ನಿನ ಮೇಲುಗಡೆ ಹಾಕಿದರೆ ಬೇಕಾದಾಗ ಕೈಗೆ ಸಿಗದು. ಬೆಂಕಿ ಪೆಟ್ಟಿಗೆಯಿಂದ ಹೊರಬಂದರೆ ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೋ 112ಕ್ಕೋ ಕರೆ ಮಾಡಿ. ತೋಟದ ಒಳಗಿನ ಮನೆಗೆ ದಾರಿ ಹೇಳುವುದೇ ದೊಡ್ಡ ಕೆಲಸ. ಮುಖ್ಯರಸ್ತೆಯಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಲ್ಲಲಿ.

ಸುಟ್ಟ ಗಾಯಕ್ಕೆ ನಲ್ಲಿಯ ಹರಿಯುವ ನೀರು, 20 ನಿಮಿಷ. ಗಡಿಯಾರ ನೋಡಿ, ಅಷ್ಟು ಹೊತ್ತು ಹಿಡಿಯುವುದು ಅಂದುಕೊಂಡಷ್ಟು ಸುಲಭವಲ್ಲ. ಬಳೆ, ಉಂಗುರ, ವಾಚು ಕೂಡಲೇ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಅಂಟಿಕೊಂಡ ಬಟ್ಟೆ ಎಳೆಯಬೇಡಿ. ನಮ್ಮಲ್ಲಿ ಗಾಯಕ್ಕೆ ಕಾಫಿಪುಡಿ ಮೆತ್ತುವ ಅಭ್ಯಾಸ ಇನ್ನೂ ಇದೆ. ಕಾಫಿಪುಡಿ, ಟೂತ್‌ಪೇಸ್ಟು, ಅರಿಶಿನ, ಶಾಯಿ, ಬೆಣ್ಣೆ, ಐಸು ಯಾವುದೂ ಬೇಡ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯುವಾಗ ಆಗುವ ನೋವು ಬೇರೆ. ಡಿಸೆಂಬರಿನಲ್ಲಿ ನಮ್ಮ ನಲ್ಲಿಯ ನೀರು ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ಮಕ್ಕಳಾದರೆ ಸುಟ್ಟ ಭಾಗಕ್ಕೆ ಮಾತ್ರ ನೀರು ಬಿಟ್ಟು ಮಿಕ್ಕ ಮೈಗೆ ಕಂಬಳಿ ಹೊದಿಸಿ, ನಡುಗತೊಡಗಿದರೆ ನಿಲ್ಲಿಸಿ. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ. ಗುಳ್ಳೆ ಒಡೆಯಬೇಡಿ.

ಗಾಯ ಆ ವ್ಯಕ್ತಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕಣ್ಣು, ಕೈ, ಕೀಲುಗಳ ಮೇಲಿದ್ದರೆ, ಚರ್ಮ ಬಿಳಿಚಿಯೋ ಕಪ್ಪಾಗಿಯೋ ನೋವೇ ಗೊತ್ತಾಗದಿದ್ದರೆ, ಹೊಗೆ ಕುಡಿದಿದ್ದರೆ, ಚಿಕ್ಕ ಮಗುವಾದರೆ, ಕಾಯಬೇಡಿ. 108ಕ್ಕೆ ಕರೆ ಮಾಡಿ. ವಿರಾಜಪೇಟೆ, ಸೋಮವಾರಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಿದೆ. ಮಳೆಗಾಲದಲ್ಲಿ ಹೊರಡುವ ಮೊದಲೇ ಆಸ್ಪತ್ರೆಗೆ ಫೋನು ಮಾಡಿ, ಯಾವ ರಸ್ತೆ ತೆರೆದಿದೆ ಎಂದು ಅಕ್ಕಪಕ್ಕದವರನ್ನು ಕೇಳಿಕೊಳ್ಳಿ. ಧನುರ್ವಾಯುವಿನ (ಟಿಟಿ) ಚುಚ್ಚುಮದ್ದು ಹಿಂದೆ ಯಾವಾಗ ಹಾಕಿಸಿದ್ದು ಎಂದು ವೈದ್ಯರು ಕೇಳುತ್ತಾರೆ, ಚೀಟಿ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ.